ವಾಕ್ಯದ ಪಾಠ ಬರೆದ ಲಿಂಡ್ಲೆ ಮರ್ರೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಬಸವಣ್ಣನವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲೇ ಇದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹಾಗಾಗಿ ನಮ್ಮೂರಿನಲ್ಲಿ ಹೆಚ್ಚು ಜನ ಕೇಳಿರದ, ಆದರೆ ಇನ್ನೂರು ವರ್ಷಗಳ ಹಿಂದೆ ಇಂಗ್ಲಿಷ್ ಕಲಿಯುವ ಪ್ರತಿ ಶಾಲೆಯಲ್ಲೂ ಹೆಸರಾಗಿದ್ದ ಒಬ್ಬರ ಬದುಕನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಲಿಂಡ್ಲೆ ಮರ್ರೆ. ಈ ಆಯ್ಕೆಗೆ ಕಾರಣ ನಮ್ಮ ಶಾಲೆಯ ಎಂಟನೇ ತರಗತಿಯ ಕೋಣೆಯಲ್ಲೇ ಇದೆ.

ಆಗ ನಾವು ಐದನೇ ತರಗತಿಯಲ್ಲಿ ಎಬಿಸಿಡಿ ಕಂಡು ಬಂದವರು. ಎಂಟನೇ ತರಗತಿಯಲ್ಲಿ ಜ್ವರ ಬಂದು ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೇ ದಿನ ರಜಾ ಅರ್ಜಿ ಬರೆದುಕೊಂಡು ಹೋದೆ. ಐ ಡಿಡ್ ನಾಟ್ ಕಮ್ ಟು ಸ್ಕೂಲ್ ಎಂದು ಬರೆದು ಚುಕ್ಕೆ ಇಟ್ಟಿದ್ದೆ. ಮುಂದಿನ ಸಾಲಿನಲ್ಲಿ ಬಿಕಾಸ್ ಐ ಹ್ಯಾಡ್ ಫೀವರ್ ಎಂದು ಬರೆದು ಇನ್ನೊಂದು ಚುಕ್ಕೆ ಇಟ್ಟಿದ್ದೆ. ನಮ್ಮ ಇಂಗ್ಲಿಷ್ ಗುರುಗಳು ಎರಡನೇ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಇದು ವಾಕ್ಯವಲ್ಲ, ವಾಕ್ಯದ ತುಂಡು ಎಂದರು. ನನಗೆ ಅರ್ಥವಾಗಲಿಲ್ಲ. ಯಾಕೆಂದರೆ ನನಗೆ ಜ್ವರ ಬಂದಿತ್ತು ಎಂದರೆ ಕನ್ನಡದಲ್ಲಿ ಪೂರ್ತಿಯಾಗಿಯೇ ಇದೆಯಲ್ಲ ಎಂದುಕೊಂಡೆ. ಹಿಂದಿನ ಬೆಂಚಿನ ಗೆಳೆಯನೊಬ್ಬ ಧೈರ್ಯ ಮಾಡಿ, ಈ ನಿಯಮವನ್ನೆಲ್ಲ ಮಾಡಿದವರು ಯಾರು ಸರ್ ಎಂದು ಕೇಳಿದ. ತರಗತಿ ನಕ್ಕಿತು, ಗುರುಗಳೂ ನಕ್ಕರು. ಪ್ರಶ್ನೆ ಅಲ್ಲಿಗೇ ನಿಂತಿತು.

ಆ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವೇ ಈ ಲೇಖನ. ನಿಯಮಗಳನ್ನು ಮರ್ರೆಯವರೊಬ್ಬರೇ ಮಾಡಲಿಲ್ಲ. ಆದರೆ ಅವನ್ನು ಒಟ್ಟುಗೂಡಿಸಿ, ಮಕ್ಕಳ ಕೈಗೆ ಸಿಗುವಂತೆ ಜೋಡಿಸಿ ಜಗತ್ತಿನ ಶಾಲೆಗಳಿಗೆ ಹಂಚಿದವರಲ್ಲಿ ಅವರೇ ಮೊದಲಿಗರು. ವಿಚಿತ್ರವೆಂದರೆ ಅವರು ಇಂಗ್ಲೆಂಡಿನಲ್ಲಿ ಹುಟ್ಟಿದವರಲ್ಲ, ವೃತ್ತಿಯಿಂದ ಶಿಕ್ಷಕರೂ ಅಲ್ಲ.

ಬಾಲ್ಯ ಮತ್ತು ಓಡಿಹೋದ ಹುಡುಗ

ಲಿಂಡ್ಲೆ ಮರ್ರೆ ಹುಟ್ಟಿದ್ದು 1745ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾಟಾರ ಎಂಬ ಹಳ್ಳದ ದಂಡೆಯ ಊರಿನಲ್ಲಿ. ಆಗ ಅಮೆರಿಕ ಇನ್ನೂ ಬ್ರಿಟಿಷರ ವಸಾಹತು. ತಂದೆ ರಾಬರ್ಟ್ ಮರ್ರೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಮುಂದೆ ವ್ಯಾಪಾರಕ್ಕಿಳಿದು, ನ್ಯೂಯಾರ್ಕಿಗೆ ಬಂದು, ಆ ಊರಿನ ದೊಡ್ಡ ವರ್ತಕರಲ್ಲಿ ಒಬ್ಬರಾದರು. ಇಂದಿಗೂ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಮರ್ರೆ ಹಿಲ್ ಎಂಬ ಬಡಾವಣೆ ಇದೆ. ಅದಕ್ಕೆ ಆ ಹೆಸರು ಬಂದದ್ದು ಈ ಕುಟುಂಬದಿಂದಲೇ. ಹನ್ನೆರಡು ಮಕ್ಕಳಲ್ಲಿ ಲಿಂಡ್ಲೆ ಹಿರಿಯ ಮಗ.

ಕುಟುಂಬದವರು ಕ್ವೇಕರ್ ಪಂಥದವರು. ಕ್ವೇಕರರು ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡ. ಸರಳ ಉಡುಪು, ಮೌನ ಪ್ರಾರ್ಥನೆ, ಯುದ್ಧದ ವಿರೋಧ, ಗುಲಾಮಗಿರಿಯ ವಿರೋಧ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಕಾಳಜಿ ಇವು ಅವರ ಗುರುತುಗಳು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ತಂದೆಗೆ ಮಗ ತನ್ನಂತೆಯೇ ವರ್ತಕನಾಗಲಿ ಎಂಬ ಆಸೆ. ಹುಡುಗನನ್ನು ಚಿಕ್ಕ ವಯಸ್ಸಿನಲ್ಲೇ ಲೆಕ್ಕದ ಕಚೇರಿಗೆ ಹಾಕಿದರು. ಅವನಿಗೆ ಅದು ಹಿಡಿಸಲಿಲ್ಲ, ಓದಿನ ಕಡೆಗೇ ಮನಸ್ಸು. ಒಮ್ಮೆ ತಂದೆಯ ಅಪ್ಪಣೆಯಿಲ್ಲದೆ ಸಂಜೆ ಬಂಧುಗಳ ಮನೆಗೆ ಹೋಗಿಬಂದದ್ದಕ್ಕೆ ತಂದೆ ಕಠಿಣವಾಗಿ ಶಿಕ್ಷಿಸಿದರು. ಹುಡುಗ ಅವಮಾನ ತಾಳಲಾರದೆ, ತನ್ನ ಪುಸ್ತಕಗಳನ್ನೂ ಸ್ವಲ್ಪ ಹಣವನ್ನೂ ಕಟ್ಟಿಕೊಂಡು ಮನೆ ಬಿಟ್ಟ. ಮನೆ ಬಿಟ್ಟ ಹುಡುಗರು ಹಡಗನ್ನೋ ಸೈನ್ಯವನ್ನೋ ಸೇರುತ್ತಿದ್ದ ಕಾಲ ಅದು. ಈತ ನ್ಯೂಜೆರ್ಸಿಯ ಬರ್ಲಿಂಗ್ಟನ್ ಎಂಬ ಊರಿಗೆ ಹೋಗಿ, ಅಲ್ಲಿನ ವಸತಿ ಶಾಲೆಗೆ ತಾನೇ ಸೇರಿಕೊಂಡು ಫ್ರೆಂಚ್ ಓದತೊಡಗಿದ. ಕೊನೆಗೆ ಪರಿಚಯದವರ ಕಣ್ಣಿಗೆ ಬಿದ್ದು, ಬಂಧುಗಳು ಸಮಾಧಾನ ಹೇಳಿ ಮನೆಗೆ ಕರೆತಂದರು. ತಂದೆಯೂ ಮೆತ್ತಗಾಗಿ ಮನೆಯಲ್ಲೇ ಪಾಠ ಹೇಳಲು ಶಿಕ್ಷಕರನ್ನು ಗೊತ್ತುಮಾಡಿದರು.

ವಕೀಲ, ವರ್ತಕ, ರೋಗಿ

ಯುವಕ ಮರ್ರೆಗೆ ಕಾನೂನು ಓದುವ ಆಸೆ. ತಂದೆ ಒಪ್ಪಲಿಲ್ಲ. ಆಗ ಅವರು ವಾದಕ್ಕೆ ನಿಲ್ಲದೆ, ತಾನು ಯಾಕೆ ವಕೀಲನಾಗಬೇಕು ಎಂಬುದನ್ನು ಕಾರಣಸಮೇತ ಒಂದು ಬರಹವಾಗಿ ಬರೆದರು. ಆ ಬರಹ ತಂದೆಯ ವಕೀಲರಾದ ಬೆಂಜಮಿನ್ ಕಿಸ್ಸಮ್ ಅವರ ಕೈ ಸೇರಿತು. ಓದಿದ ಕಿಸ್ಸಮ್ ಹುಡುಗನ ಪಕ್ಷ ವಹಿಸಿದರು. ತಂದೆ ಒಪ್ಪಿದ್ದಷ್ಟೇ ಅಲ್ಲ, ಮಗನಿಗೆ ಕಾನೂನು ಪುಸ್ತಕಗಳನ್ನೂ ಕೊಡಿಸಿದರು. ಹೀಗೆ ಮರ್ರೆ ಕಿಸ್ಸಮ್ ಅವರ ಬಳಿ ಕಾನೂನು ಕಲಿತರು. ಅದೇ ಕಚೇರಿಯಲ್ಲಿ ಜೊತೆಗೆ ಕಲಿಯುತ್ತಿದ್ದ ಇನ್ನೊಬ್ಬ ತರುಣ ಜಾನ್ ಜೇ. ಅವರು ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾದರು.

1767ರಲ್ಲಿ ಹ್ಯಾನಾ ಡಾಬ್ಸನ್ ಎಂಬವರೊಂದಿಗೆ ಮರ್ರೆಯವರ ಮದುವೆಯಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಕೊನೆಯವರೆಗೂ ಗಂಡ ಹೆಂಡತಿ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಿದರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಶುರುವಾಯಿತು. ಮರ್ರೆ ವಕೀಲಿ ಬಿಟ್ಟು, ಲಾಂಗ್ ಐಲೆಂಡಿನ ಐಸ್ಲಿಪ್ ಎಂಬ ಕರಾವಳಿಯ ಊರಿಗೆ ಹೋಗಿ ನಾಲ್ಕು ವರ್ಷ ಕಳೆದರು. ಮತ್ತೆ ನ್ಯೂಯಾರ್ಕಿಗೆ ಬಂದು, ಬಾಲ್ಯದಲ್ಲಿ ಬೇಡವೆಂದಿದ್ದ ವ್ಯಾಪಾರವನ್ನೇ ಹಿಡಿದು, ಯುದ್ಧ ಮುಗಿಯುವ ಹೊತ್ತಿಗೆ ಜೀವನಕ್ಕೆ ಸಾಕಾಗುವಷ್ಟು ಸಂಪಾದಿಸಿದರು. ಇನ್ನೂ ನಲವತ್ತು ತುಂಬಿರಲಿಲ್ಲ. ನದಿಯ ದಂಡೆಯ ಮನೆಯಲ್ಲಿ ನೆಮ್ಮದಿಯಾಗಿ ಇರಬೇಕೆಂದುಕೊಂಡರು.

ಆದರೆ ದೇಹ ಕೈಕೊಟ್ಟಿತು. ಸ್ನಾಯುಗಳ ಬಲ ಕುಂದುತ್ತ ಬಂತು. ಕಾಲುಗಳು ಮೊದಲು ಸೋತವು, ನಡೆದಷ್ಟೂ ನಿಶ್ಶಕ್ತಿ ಹೆಚ್ಚಿತು. ಊರೂರು ಸುತ್ತಿ, ಬೇರೆ ಬೇರೆ ಕಡೆಯ ನೀರು ಗಾಳಿ ನೋಡಿದ್ದಾಯಿತು. ತಂಪಾದ ಹವೆಯ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯ ಒಗ್ಗಬಹುದೆಂದು ವೈದ್ಯರು ಹೇಳಿದ್ದರಿಂದ 1784ರಲ್ಲಿ ಹಡಗು ಹತ್ತಿದರು. ಅವರು ಅಮೆರಿಕ ಬಿಡಲು ರಾಜಕೀಯ ಕಾರಣವೂ ಇತ್ತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅವರ ಕುಟುಂಬದ ವ್ಯಾಪಾರ ಬ್ರಿಟಿಷರೊಂದಿಗೆ ಹೆಣೆದುಕೊಂಡಿತ್ತು. ಅದೇನೇ ಇರಲಿ, ಗುಣವಾದ ಮೇಲೆ ಹಿಂದಿರುಗುವ ಆಸೆಯಿಂದ ಹೊರಟವರು ಮತ್ತೆ ಹುಟ್ಟಿದ ನಾಡನ್ನು ನೋಡಲಿಲ್ಲ. ಯಾರ್ಕ್ ನಗರದಿಂದ ಸುಮಾರು ಒಂದು ಮೈಲಿ ದೂರದ ಹೋಲ್‌ಗೇಟ್ ಎಂಬ ಹಳ್ಳಿಯಲ್ಲಿ ಮನೆ ಕೊಂಡು, ಉಳಿದ ನಲವತ್ತು ವರ್ಷ ಅಲ್ಲೇ ಕಳೆದರು.

ಕುಳಿತಲ್ಲಿಂದಲೇ ಅವರು ಕೆಲಸ ಹುಡುಕಿಕೊಂಡರು. ತೋಟದಲ್ಲಿ ಗಿಡಗಳನ್ನು ಬೆಳೆಸಿದರು. 1787ರಲ್ಲಿ ಧಾರ್ಮಿಕ ವಿಚಾರದ ಒಂದು ಪುಸ್ತಕ ಬರೆದರು. ಮಾನಸಿಕ ರೋಗಿಗಳನ್ನು ಸರಪಳಿ ಹಾಕಿ ಹಿಂಸಿಸುತ್ತಿದ್ದ ಆ ಕಾಲದಲ್ಲಿ, ಅವರನ್ನು ಮನುಷ್ಯರಂತೆ ನೋಡಿಕೊಳ್ಳಲು ಯಾರ್ಕಿನ ವಿಲಿಯಂ ಟ್ಯೂಕ್ 1796ರಲ್ಲಿ ರಿಟ್ರೀಟ್ ಎಂಬ ಆಸ್ಪತ್ರೆ ತೆರೆದಾಗ, ಅದರ ಬೆಂಬಲಕ್ಕೆ ನಿಂತವರಲ್ಲಿ ಮರ್ರೆಯವರೂ ಒಬ್ಬರು.

ಶಿಕ್ಷಕಿಯರ ಅರ್ಜಿ

ವಿಲಿಯಂ ಟ್ಯೂಕ್ ಅವರ ಪತ್ನಿ ಎಸ್ತರ್ ಟ್ಯೂಕ್ 1785ರಲ್ಲಿ ಯಾರ್ಕಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ಆರಂಭಿಸಿದ್ದರು. ಆ ಕಾಲದಲ್ಲಿ ಗಂಡುಮಕ್ಕಳ ದೊಡ್ಡ ಶಾಲೆಗಳಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ. ಹೆಣ್ಣುಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದದ್ದು ಅಪರೂಪ. ಅವರು ವ್ಯಾಕರಣ ಕಲಿಯಬೇಕಾದರೆ ತಾವಾಡುವ ಇಂಗ್ಲಿಷಿನಲ್ಲೇ ಕಲಿಯಬೇಕು. ಪಾಠ ಹೇಳುವ ತರುಣ ಶಿಕ್ಷಕಿಯರಿಗೇ ಆ ವಿಷಯ ಚೆನ್ನಾಗಿ ತಿಳಿದಿರಲಿಲ್ಲ. ಅವರು ಹೋಲ್‌ಗೇಟಿನ ಮನೆಗೆ ಬಂದು ಮರ್ರೆಯವರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದರು. ಹೇಳಿಸಿಕೊಂಡದ್ದು ಪುಸ್ತಕವಾದರೆ ಶಾಲೆಗೆ ಅನುಕೂಲ ಎಂದು ಅವರಿಗೆ ಅನ್ನಿಸಿತು. 1794ರಲ್ಲಿ ಮೂವರು ಶಿಕ್ಷಕಿಯರು ಸೇರಿ ಮರ್ರೆಯವರಿಗೆ ಲಿಖಿತ ವಿನಂತಿ ಸಲ್ಲಿಸಿದರು. ಮೊದಲು ಹಿಂಜರಿದ ಮರ್ರೆ ಕೊನೆಗೆ ಒಪ್ಪಿಕೊಂಡರು.

ಮುಂದಿನ ವರ್ಷ, 1795ರಲ್ಲಿ, ಅವರ ಇಂಗ್ಲಿಷ್ ವ್ಯಾಕರಣ ಯಾರ್ಕಿನಲ್ಲಿ ಅಚ್ಚಾಯಿತು. ಆಗ ಅವರಿಗೆ ಐವತ್ತು ವರ್ಷ. ಒಂದು ಶಾಲೆಯ ಮಕ್ಕಳಿಗೆಂದು ಬರೆದ ಪುಸ್ತಕವದು. ಎಷ್ಟು ಬೇಗ ಬೇರೆ ಶಾಲೆಗಳು ಕೇಳತೊಡಗಿದವೆಂದರೆ ಮುದ್ರಣದ ಮೇಲೆ ಮುದ್ರಣ ತೆಗೆಯಬೇಕಾಯಿತು.

ಪುಸ್ತಕದಲ್ಲಿ ಏನಿತ್ತು

ಪುಸ್ತಕದ ಜೋಡಣೆ ಸರಳವಾಗಿತ್ತು. ಅಕ್ಷರ ಮತ್ತು ಕಾಗುಣಿತ, ಪದಗಳ ವರ್ಗ, ವಾಕ್ಯರಚನೆ, ಕೊನೆಗೆ ಉಚ್ಚಾರ ಮತ್ತು ವಿರಾಮ ಚಿಹ್ನೆ. ವಾಕ್ಯರಚನೆಗೆ 22 ನಿಯಮಗಳು. ಮುಖ್ಯ ನಿಯಮಗಳನ್ನು ದಪ್ಪ ಅಕ್ಷರದಲ್ಲಿ, ವಿವರಣೆಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಚಿಕ್ಕವರು ದಪ್ಪ ಅಕ್ಷರದ್ದನ್ನಷ್ಟೇ ಓದಿದರೆ ಸಾಕು, ದೊಡ್ಡವರು ಎರಡನ್ನೂ ಓದಬಹುದು. ಒಂದೇ ಪುಸ್ತಕ ಎರಡು ತರಗತಿಗಾಗುವ ಈ ಉಪಾಯ ಪಾಠ ಹೇಳುವವರಿಗೆ ಬಹಳ ಹಿಡಿಸಿತು.

ವಾಕ್ಯವೆಂದರೇನು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರದ ಸಾರ ಇದು. ಪದಗಳು ಸೇರಿ ಪೂರ್ಣ ಅರ್ಥ ಕೊಟ್ಟರೆ ಅದು ವಾಕ್ಯ. ಒಂದು ಕರ್ತೃ ಮತ್ತು ಒಂದು ಪೂರ್ಣ ಕ್ರಿಯಾಪದ ಇದ್ದರೆ ಸಾಮಾನ್ಯ ವಾಕ್ಯ. ಅಂಥ ಎರಡು ಅಥವಾ ಹೆಚ್ಚು ವಾಕ್ಯಗಳನ್ನು ಸರಿಯಾಗಿ ಜೋಡಿಸಿದರೆ ಸಂಯುಕ್ತ ವಾಕ್ಯ. ಇಂದು ನಮ್ಮ ಮಕ್ಕಳು ಕಲಿಯುವ ಫ್ರಾಗ್‌ಮೆಂಟ್, ರನ್-ಆನ್ ಎಂಬ ಹೆಸರುಗಳು ಆ ಪುಸ್ತಕದವಲ್ಲ, ಆಮೇಲೆ ಬಂದವು. ಆದರೆ ಎರಡರ ಬೇರೂ ಈ ವಿವರಣೆಯಲ್ಲೇ ಇದೆ. ಕರ್ತೃವೋ ಪೂರ್ಣ ಕ್ರಿಯಾಪದವೋ ಇಲ್ಲದೆ, ಅಥವಾ ಅರ್ಥ ಇನ್ನೊಂದು ವಾಕ್ಯಕ್ಕೆ ನೇತುಬಿದ್ದು ಪೂರ್ತಿಯಾಗದೆ ಚುಕ್ಕೆ ಇಟ್ಟರೆ ಅದು ತುಂಡು ವಾಕ್ಯ. ಎರಡು ಪೂರ್ಣ ವಾಕ್ಯಗಳ ನಡುವೆ ಚುಕ್ಕೆಯೂ ಇಲ್ಲದೆ, ಜೋಡಿಸುವ ಪದವೂ ಇಲ್ಲದೆ ಬರೆದುಕೊಂಡು ಹೋದರೆ ಅದು ರನ್-ಆನ್, ಅಂದರೆ ನಿಲ್ಲದೆ ಓಡುವ ವಾಕ್ಯ.

ವಿರಾಮ ಚಿಹ್ನೆಗಳಿಗೆ ಮರ್ರೆ ಒಂದು ಲೆಕ್ಕ ಕೊಟ್ಟಿದ್ದರು. ಅಲ್ಪವಿರಾಮಕ್ಕೆ ಒಂದು ಪಾಲು ನಿಲುಗಡೆ ಎಂದಿಟ್ಟುಕೊಂಡರೆ ಅರ್ಧವಿರಾಮಕ್ಕೆ ಅದರ ಎರಡರಷ್ಟು, ಕೋಲನ್ ಚಿಹ್ನೆಗೆ ಅದರ ಎರಡರಷ್ಟು, ಪೂರ್ಣವಿರಾಮಕ್ಕೆ ಮತ್ತೆ ಅದರ ಎರಡರಷ್ಟು. ಅಂದರೆ 1, 2, 4, 8. ಕಂಪ್ಯೂಟರ್ ಓದಿದವರಿಗೆ ಈ ಅಂಕಿಗಳು ಪರಿಚಿತ. ಇಂದು ಯಾರೂ ಹೀಗೆ ಎಣಿಸಿ ಓದುವುದಿಲ್ಲ. ಆದರೆ ಚಿಹ್ನೆಗಳು ಅಲಂಕಾರಕ್ಕಲ್ಲ, ಒಂದೊಂದಕ್ಕೂ ಒಂದೊಂದು ಬಲವಿದೆ ಎಂಬುದು ಮಗುವಿಗೆ ಇದರಿಂದ ಮನದಟ್ಟಾಗುತ್ತಿತ್ತು. ಎರಡು ವಾಕ್ಯಗಳನ್ನು ಬೇರೆ ಮಾಡಲು ಬರೀ ಅಲ್ಪವಿರಾಮ ಸಾಲದು ಎಂದು ಇಂದಿನ ಗುರುಗಳು ಹೇಳುವುದು ಇದೇ ಅರ್ಥದಲ್ಲಿ.

ವ್ಯಾಕರಣದ ಬೆನ್ನಿಗೇ 1797ರಲ್ಲಿ ಅವರು ಅಭ್ಯಾಸ ಪುಸ್ತಕವೊಂದನ್ನು ತಂದರು. ಅದರಲ್ಲಿ ಪುಟಗಟ್ಟಲೆ ತಪ್ಪು ವಾಕ್ಯಗಳೇ ಇದ್ದವು. ಕಾಗುಣಿತದ ತಪ್ಪು, ರಚನೆಯ ತಪ್ಪು, ವಿರಾಮ ಚಿಹ್ನೆಯ ತಪ್ಪು, ಅರ್ಥ ಸ್ಪಷ್ಟವಾಗದ ತಪ್ಪು. ತಪ್ಪನ್ನು ಕಂಡುಹಿಡಿದು ತಿದ್ದುವುದೇ ಮಗುವಿನ ಕೆಲಸ. ಸರಿಯುತ್ತರಗಳ ಪುಸ್ತಕವನ್ನು ಬೇರೆಯಾಗಿ ಅಚ್ಚು ಹಾಕಿಸಿದರು. ಅದು ಶಿಕ್ಷಕರಿಗೆ, ಜೊತೆಗೆ ಶಾಲೆಗೆ ಹೋಗಲಾಗದೆ ಮನೆಯಲ್ಲೇ ತಾವಾಗಿ ಕಲಿಯುವವರಿಗೆ. ಈ ಎರಡನೆಯ ಗುಂಪನ್ನು ಅವರು ಮರೆಯಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬಾಲ್ಯದಲ್ಲಿ ಓದಿಗಾಗಿ ಮನೆ ಬಿಟ್ಟು ಹೋಗಿದ್ದವರಲ್ಲವೇ ಅವರು?

ನಮ್ಮ ಮಕ್ಕಳಿಗೆ ಯಾಕೆ ಕಷ್ಟ

ಇಲ್ಲಿ ಸ್ವಲ್ಪ ನಿಂತು ನನ್ನ ರಜಾ ಅರ್ಜಿಗೆ ಬರುತ್ತೇನೆ. ಮರ್ರೆಯವರ ನಿಯಮವನ್ನು ಕನ್ನಡದ ಪಕ್ಕದಲ್ಲಿಟ್ಟು ನೋಡಿದಾಗ ನಾನು ತಪ್ಪಿದ್ದು ಯಾಕೆಂದು ತಿಳಿಯಿತು. ಕನ್ನಡದಲ್ಲಿ ಬಂದೆ ಎಂಬ ಒಂದೇ ಪದ ಪೂರ್ಣ ವಾಕ್ಯ. ನಾನು ಎಂಬ ಕರ್ತೃ ಆ ಕ್ರಿಯಾಪದದ ತುದಿಯಲ್ಲೇ ಅಡಗಿದೆ. ಇಂಗ್ಲಿಷಿನಲ್ಲಿ ಬರೀ ಕೇಮ್ ಎಂದರೆ ಯಾರು ಬಂದರೆಂದು ಗೊತ್ತಾಗುವುದಿಲ್ಲ. ಇವರು ನಮ್ಮ ಗುರುಗಳು ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ಣ. ಇಂಗ್ಲಿಷಿನಲ್ಲಿ ಈಸ್ ಎಂಬುದನ್ನು ಸೇರಿಸಲೇಬೇಕು. ಯಾಕೆಂದರೆ ಎಂದು ಕನ್ನಡದಲ್ಲಿ ಹೊಸ ವಾಕ್ಯವನ್ನೇ ಶುರುಮಾಡಬಹುದು. ಬಿಕಾಸ್ ಎಂದು ಶುರುವಾದ ಭಾಗ ಮಾತ್ರ ಇನ್ನೊಂದು ವಾಕ್ಯದ ಹೆಗಲ ಮೇಲೆ ಕೈಯಿಟ್ಟೇ ನಿಲ್ಲಬೇಕು.

ಓಡುವ ವಾಕ್ಯಕ್ಕೂ ಇಂಥದೇ ಕಾರಣವಿದೆ. ಅವನು ಹೊಲಕ್ಕೆ ಹೋಗಿ, ಎತ್ತು ಬಿಚ್ಚಿ, ನೀರು ಕುಡಿಸಿ, ಮೇವು ಹಾಕಿ ಬಂದ ಎನ್ನುತ್ತೇವೆ. ಹೋಗಿ, ಬಿಚ್ಚಿ, ಕುಡಿಸಿ, ಹಾಕಿ ಎಂಬ ನಾಲ್ಕೂ ಅಪೂರ್ಣ ಕ್ರಿಯೆಗಳು. ಬಂದ ಎಂಬುದೊಂದೇ ಪೂರ್ಣ ಕ್ರಿಯಾಪದ. ಆದ್ದರಿಂದ ಇದು ಒಂದೇ ವಾಕ್ಯ, ನಡುವೆ ಅಲ್ಪವಿರಾಮ ಸಾಕು. ಇದನ್ನೇ ನಮ್ಮ ಹುಡುಗ ಇಂಗ್ಲಿಷಿಗೆ ತರುವಾಗ ಹೀ ವೆಂಟ್, ಹೀ ಅನ್‌ಟೈಡ್, ಹೀ ಗೇವ್ ಎಂದು ಬರೆಯುತ್ತಾನೆ. ಪ್ರತಿಯೊಂದೂ ಪೂರ್ಣ ವಾಕ್ಯವಾಗುತ್ತದೆ, ಅಲ್ಪವಿರಾಮಗಳು ಮಾತ್ರ ಕನ್ನಡದಲ್ಲಿದ್ದಂತೆಯೇ ಉಳಿಯುತ್ತವೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ.

ಅಂದರೆ ಈ ತಪ್ಪುಗಳು ದಡ್ಡತನದಿಂದ ಬಂದವಲ್ಲ. ಮಗು ತನ್ನ ತಾಯ್ನುಡಿಯ ವ್ಯಾಕರಣಕ್ಕೆ ನಿಷ್ಠೆಯಿಂದ ನಡೆದುಕೊಂಡಿರುತ್ತದೆ. ಇದನ್ನು ಯಾರಾದರೂ ನನಗೆ ಎಂಟನೇ ತರಗತಿಯಲ್ಲೇ ಹೇಳಿದ್ದರೆ ಇಂಗ್ಲಿಷ್ ಎಂದರೆ ಅಷ್ಟು ಹೆದರುತ್ತಿರಲಿಲ್ಲ. ನಮ್ಮ ಕಿವಿಗೆ ನೆರವೂ ಇದೆ. ಹುಡುಗರು ಮೈದಾನದಲ್ಲಿ ಆಡುತ್ತಾ ಎಂದು ಹೇಳಿ ನಿಲ್ಲಿಸಿದರೆ ಕನ್ನಡದ ಯಾವ ಮಗುವೂ ಮುಂದೇನು ಎಂದು ಕೇಳುತ್ತದೆ. ದಿ ಬಾಯ್ಸ್ ಪ್ಲೇಯಿಂಗ್ ಇನ್ ದಿ ಗ್ರೌಂಡ್ ಎಂದು ಬರೆದು ಚುಕ್ಕೆ ಇಡುವ ಮೊದಲು ಅದೇ ಪ್ರಶ್ನೆ ಕೇಳಿಕೊಂಡರೆ ಸಾಕು.

ಪುಸ್ತಕ ಹೋದ ದಾರಿ

ವ್ಯಾಕರಣದ ಬಳಿಕ ಮರ್ರೆಯವರ ಇಂಗ್ಲಿಷ್ ರೀಡರ್ 1799ರಲ್ಲಿ, ಕಾಗುಣಿತ ಪುಸ್ತಕ 1804ರಲ್ಲಿ ಬಂದವು. ಎಲ್ಲ ಪುಸ್ತಕಗಳೂ ಸೇರಿ ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಇಂಗ್ಲೆಂಡಿಗಿಂತ ಅಮೆರಿಕದಲ್ಲಿ ಇನ್ನೂ ಹೆಚ್ಚು. ಬಡ ರೈತನ ಮಗನಾಗಿ ಹುಟ್ಟಿ, ಶಾಲೆಗೆ ಹೋದದ್ದೇ ಕಡಿಮೆ ಎನ್ನಬಹುದಾದ ಅಬ್ರಹಾಂ ಲಿಂಕನ್ ಮರ್ರೆಯವರ ರೀಡರನ್ನು ಓದಿ ಬೆಳೆದವರು. ಅದರ ಬಗ್ಗೆ ಅವರಿಗೆ ಬಹಳ ಗೌರವವಿತ್ತೆಂದು ಅವರ ವಕೀಲಿ ಪಾಲುದಾರರು ಬರೆದಿದ್ದಾರೆ. ಗುಲಾಮಗಿರಿಯ ಕ್ರೌರ್ಯವನ್ನು ತೋರಿಸಿದ ಪ್ರಸಿದ್ಧ ಕಾದಂಬರಿ ಅಂಕಲ್ ಟಾಮ್ಸ್ ಕ್ಯಾಬಿನ್‌ನ ಮೊದಲ ಅಧ್ಯಾಯದಲ್ಲೇ ಒರಟು ಮಾತಿನ ಗುಲಾಮ ವ್ಯಾಪಾರಿಯನ್ನು ಪರಿಚಯಿಸುವಾಗ ಮರ್ರೆಯವರ ವ್ಯಾಕರಣದ ಹೆಸರು ಬರುತ್ತದೆ. ಓದುಗರೆಲ್ಲರಿಗೂ ಆ ಹೆಸರು ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಡಚ್ ಭಾಷೆಯ ಮೂಲಕ ಈ ವ್ಯಾಕರಣ 1840ರ ಸುಮಾರಿಗೆ ಜಪಾನೀ ಭಾಷೆಗೂ ಹೋಯಿತು. ಅಮೆರಿಕದ ಬಾಸ್ಟನ್ ನಗರದ ಅಂಧರ ಶಾಲೆಯಲ್ಲಿ 1835ರಲ್ಲಿ ಅದರ ಸಂಕ್ಷಿಪ್ತ ರೂಪವನ್ನು ಬೆರಳಿನಿಂದ ಮುಟ್ಟಿ ಓದುವ ಉಬ್ಬಕ್ಷರಗಳಲ್ಲಿ ಮುದ್ರಿಸಿದರು. 1837ರಲ್ಲಿ ಅದೇ ಸಂಕ್ಷಿಪ್ತ ರೂಪ ಮುಂಬೈಯಲ್ಲಿ ಮರಾಠಿಗೆ ಅನುವಾದವಾಗಿ ಅಚ್ಚಾಯಿತು. ನಮ್ಮ ಧಾರವಾಡ ಸೀಮೆ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಯಾರ್ಕಿನ ಮೂವರು ಶಿಕ್ಷಕಿಯರ ಅರ್ಜಿಯಿಂದ ಹುಟ್ಟಿದ ಪುಸ್ತಕ ನಲವತ್ತೆರಡು ವರ್ಷಗಳಲ್ಲಿ ನಮ್ಮ ಪ್ರಾಂತ್ಯದ ರಾಜಧಾನಿಗೆ ಬಂದಿತ್ತು.

ಟೀಕೆಗಳು

ಮರ್ರೆಯವರನ್ನು ಹೊಗಳಿದವರಷ್ಟೇ ಬೈದವರೂ ಇದ್ದಾರೆ. ಅವರ ಪುಸ್ತಕದ ಬಹುಭಾಗ ಬೇರೆಯವರಿಂದ ಬಂದದ್ದು. ಬಿಷಪ್ ರಾಬರ್ಟ್ ಲೌತ್ 1762ರಲ್ಲಿ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1761ರಲ್ಲಿ ಬರೆದಿದ್ದ ವ್ಯಾಕರಣಗಳಿಂದ ಅವರು ಧಾರಾಳವಾಗಿ ತೆಗೆದುಕೊಂಡಿದ್ದರು. ವಾಕ್ಯದ ವಿವರಣೆಯೂ ವಿರಾಮದ ಲೆಕ್ಕವೂ ಲೌತ್ ಅವರಲ್ಲೇ ಇದ್ದವು. ತಾನು ಸಂಗ್ರಹಕಾರ ಎಂದು ಮರ್ರೆ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದರೂ, ಯಾವ ಮಾತು ಯಾರದೆಂದು ಮೊದಲ ಮುದ್ರಣಗಳಲ್ಲಿ ಸರಿಯಾಗಿ ತೋರಿಸಿರಲಿಲ್ಲ. ಆಕ್ಷೇಪ ಬಂದ ಮೇಲೆ ಮುಂದಿನ ಮುದ್ರಣಗಳಲ್ಲಿ ಹೆಸರುಗಳನ್ನು ಸೇರಿಸಿದರು. ನಿಘಂಟು ಬರೆದ ನೋವಾ ವೆಬ್‌ಸ್ಟರ್ ತಮ್ಮಿಂದಲೂ ತೆಗೆದುಕೊಂಡಿದ್ದಾರೆಂದು ದೂರಿದರು. ಗೂಲ್ಡ್ ಬ್ರೌನ್ ಎಂಬ ಇನ್ನೊಬ್ಬ ವ್ಯಾಕರಣಕಾರರು 1851ರ ತಮ್ಮ ದೊಡ್ಡ ಗ್ರಂಥದಲ್ಲಿ ಮರ್ರೆಯವರ ತಪ್ಪುಗಳನ್ನು ಹುಡುಕಿ ಹುಡುಕಿ ತೋರಿಸಿದರು.

ಇನ್ನೊಂದು ಆಕ್ಷೇಪವೂ ನಿಜ. ನಿಯಮಗಳನ್ನು ಅರ್ಥವಾಗದೆ ಉರು ಹೊಡೆಸುವ ಪದ್ಧತಿಗೆ ಇಂಥ ಪುಸ್ತಕಗಳು ದಾರಿಯಾದವು. ಎಷ್ಟೋ ಮಕ್ಕಳಿಗೆ ವ್ಯಾಕರಣವೆಂದರೆ ಬೆತ್ತದ ನೆನಪೇ ಬರುವಂತಾಯಿತು. ನಿಯಮ ದೊಡ್ಡ ಲೇಖಕರನ್ನು ಕಟ್ಟಿಹಾಕುವುದೂ ಇಲ್ಲ. ಕಥೆಗಾರರು ಬೇಕೆಂದೇ ತುಂಡು ವಾಕ್ಯ ಬರೆಯುತ್ತಾರೆ, ಅದು ಚೆನ್ನಾಗಿಯೂ ಇರುತ್ತದೆ. ಪೂರ್ಣ ವಾಕ್ಯ ಯಾವುದೆಂದು ಗೊತ್ತಿದ್ದು ಮುರಿಯುವುದು ಬೇರೆ, ಗೊತ್ತಿಲ್ಲದೆ ಮುರಿಯುವುದು ಬೇರೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಶ್ರೀಮಂತರ ಮನೆಯ ಮಗು ಸರಿಯಾದ ಇಂಗ್ಲಿಷನ್ನು ಮನೆಯಲ್ಲಿ ಕೇಳಿಯೇ ಕಲಿಯುತ್ತದೆ, ಅದಕ್ಕೆ ನಿಯಮ ಬೇಕಿಲ್ಲ. ಮನೆಯಲ್ಲಿ ಕೇಳದ ಮಗುವಿಗೆ ನಿಯಮ ಪುಸ್ತಕದಲ್ಲಿ ಬರೆದಿರಬೇಕು, ಕೈಗೆ ಸಿಗುವ ಬೆಲೆಯಲ್ಲಿರಬೇಕು. ಲ್ಯಾಟಿನ್ ಕಲಿಯಲಾಗದ ಹುಡುಗಿಯರಿಗೆ, ಶಾಲೆ ಕಾಣದ ರೈತರ ಮಕ್ಕಳಿಗೆ ಮರ್ರೆ ಒದಗಿಸಿದ್ದು ಅದನ್ನೇ. ನಮ್ಮಂಥ ಸರ್ಕಾರಿ ಶಾಲೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಕೊನೆಯ ದಿನಗಳು

ಪುಸ್ತಕಗಳಿಂದ ಬಂದ ಹಣವನ್ನು ಮರ್ರೆ ತಮಗಾಗಿ ಇಟ್ಟುಕೊಳ್ಳಲಿಲ್ಲ, ದಾನ ಧರ್ಮಗಳಿಗೆ ಕೊಟ್ಟರು. ಕಾಲಿನ ಶಕ್ತಿ ಪೂರ್ತಿ ಹೋದ ಮೇಲೂ ಕೆಲವು ವರ್ಷ ದಿನವೂ ಗಾಡಿಯಲ್ಲಿ ಹೊರಗೆ ಸುತ್ತಿ ಬರುತ್ತಿದ್ದರು. ಕೊನೆಯ ಹದಿನಾರು ವರ್ಷ ಅದೂ ಸಾಧ್ಯವಾಗದೆ ಮನೆಯೊಳಗೇ ಉಳಿದರು. ಆ ಸ್ಥಿತಿಯಲ್ಲೂ ಪ್ರತಿ ಹೊಸ ಮುದ್ರಣವನ್ನು ತಾವೇ ತಿದ್ದುತ್ತಿದ್ದರು. 1816ರಲ್ಲಿ ವ್ಯಾಕರಣದ ಎರಡು ಸಂಪುಟಗಳ ಪರಿಷ್ಕೃತ ಮುದ್ರಣ ಹೊರಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು.

1826ರಲ್ಲಿ, ಎಂಬತ್ತನೇ ವಯಸ್ಸಿನಲ್ಲಿ, ಹೋಲ್‌ಗೇಟಿನ ಮನೆಯಲ್ಲೇ ಅವರು ತೀರಿಕೊಂಡರು. ಪತ್ನಿ ಹ್ಯಾನಾ ಅವರ ನಂತರವೂ ಕೆಲವು ವರ್ಷ ಬದುಕಿದ್ದರು. ಪತ್ನಿಯ ಕಾಲಾನಂತರ ಉಳಿದ ಆಸ್ತಿ ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ, ಅವರ ಸಂತತಿಯ ಶಿಕ್ಷಣಕ್ಕೆ, ಅಲ್ಲಿನ ಮೂಲನಿವಾಸಿಗಳ ಹಿತಕ್ಕೆ ಸಲ್ಲಬೇಕೆಂದು ಮರ್ರೆ ಉಯಿಲಿನಲ್ಲಿ ಬರೆದಿದ್ದರು. ಅವರ ತೋಟದಲ್ಲಿದ್ದ ಪುಟ್ಟ ಮಂಟಪವನ್ನು ಆಮೇಲೆ ಯಾರ್ಕಿನ ಮೌಂಟ್ ಶಾಲೆಯ ಆವರಣಕ್ಕೆ ಸಾಗಿಸಿದರು. ಅದೂ ಕ್ವೇಕರರು ಹೆಣ್ಣುಮಕ್ಕಳಿಗಾಗಿ ಕಟ್ಟಿದ ಶಾಲೆಯೇ.

ನನ್ನ ಕಡೆಯಿಂದ ಒಂದು ಮಾತು

ಮರ್ರೆಯವರ ಕಾಲದ ಶಾಲೆಗಳಲ್ಲಿ ವಾಕ್ಯವನ್ನು ಬಿಡಿಸಿ, ಇದು ಕರ್ತೃ, ಇದು ಕ್ರಿಯಾಪದ ಎಂದು ಒಂದೊಂದು ಪದದ ಕೆಲಸವನ್ನು ಹೇಳಿಸುವ ಅಭ್ಯಾಸಕ್ಕೆ ಪಾರ್ಸಿಂಗ್ ಎನ್ನುತ್ತಿದ್ದರು. ನಾವು ಬರೆಯುವ ಪ್ರೋಗ್ರಾಮನ್ನು ಕಂಪ್ಯೂಟರ್ ಅರ್ಥಮಾಡಿಕೊಳ್ಳುವ ಮೊದಲ ಹಂತಕ್ಕೂ ಇಂದು ಅದೇ ಹೆಸರು. ಆದರೆ ಒಂದು ವ್ಯತ್ಯಾಸವಿದೆ. ಪ್ರೋಗ್ರಾಮಿನಲ್ಲಿ ವಾಕ್ಯ ಅರ್ಧಕ್ಕೆ ನಿಂತರೆ ಅಥವಾ ಎರಡು ಒಂದಕ್ಕೊಂದು ಅಂಟಿಕೊಂಡರೆ ಕಂಪ್ಯೂಟರ್ ಮುಂದೆ ಹೋಗದೆ ತಪ್ಪು ತೋರಿಸುತ್ತದೆ. ಮನುಷ್ಯರು ಹಾಗೆ ನಿಲ್ಲಿಸುವುದಿಲ್ಲ. ತಮಗೆ ತೋಚಿದ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ರಾತ್ರಿ ಪಾಳಿಯವರಿಗೆ ಒಂದು ಮೇಲ್ ಬರೆದೆ. ದಿ ಅಪ್‌ಡೇಟ್ ಫೇಲ್ಡ್ ಆಫ್ಟರ್ ದಿ ರೀಸ್ಟಾರ್ಟ್ ದಿ ಡೇಟಾ ಈಸ್ ಸೇಫ್. ನಡುವೆ ಚುಕ್ಕೆ ಇಡಲಿಲ್ಲ. ರೀಸ್ಟಾರ್ಟ್ ಆದ ಮೇಲೆ ಅಪ್‌ಡೇಟ್ ವಿಫಲವಾಯಿತು, ಡೇಟಾ ಸುರಕ್ಷಿತವಾಗಿದೆ, ಏನೂ ಮಾಡಬೇಕಿಲ್ಲ ಎಂಬುದು ನನ್ನ ಅರ್ಥ. ಅಪ್‌ಡೇಟ್ ವಿಫಲವಾಗಿದೆ, ರೀಸ್ಟಾರ್ಟ್ ಮಾಡಿದ ಮೇಲೆ ಡೇಟಾ ಸುರಕ್ಷಿತ ಎಂದು ಅವರು ಓದಿಕೊಂಡರು. ಬೇಡದ ರೀಸ್ಟಾರ್ಟ್ ಮಾಡಿ ಬೆಳಗಿನ ತನಕ ಒದ್ದಾಡಿದರು. ಮರುದಿನ ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಒಂದು ಚುಕ್ಕೆ ರೀಸ್ಟಾರ್ಟ್ ಎಂಬ ಪದದ ಆಚೆ ಇದ್ದರೆ ಒಂದು ಅರ್ಥ, ಆಫ್ಟರ್ ಎಂಬ ಪದದ ಈಚೆ ಇದ್ದರೆ ಇನ್ನೊಂದು ಅರ್ಥ ಎಂದು ಅವತ್ತು ತಿಳಿಯಿತು. ನಮ್ಮ ಗುರುಗಳ ಕೆಂಪು ಪೆನ್ನಿನ ಸುತ್ತು ನೆನಪಾಯಿತು.

ಈಗ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನಾನು ಹೇಳುವುದು ಇಷ್ಟೇ. ಇಂಗ್ಲಿಷಿನಲ್ಲಿ ಬರೆದ ಮೇಲೆ ಪ್ರತಿ ಚುಕ್ಕೆಯ ಹಿಂದೆ ಹೋಗಿ ನೋಡಿ. ಪೂರ್ಣ ಕ್ರಿಯಾಪದ ಎಲ್ಲಿದೆ? ಅದರ ಕರ್ತೃ ಯಾರು? ಮೊದಲಲ್ಲಿ ಬಿಕಾಸ್, ವೆನ್, ಇಫ್ ಇದ್ದರೆ ಅದು ಕೈಹಿಡಿಯಲು ಇನ್ನೊಂದು ಪೂರ್ಣ ವಾಕ್ಯ ಜೊತೆಗಿದೆಯೇ? ಕರ್ತೃ ಮತ್ತು ಕ್ರಿಯಾಪದದ ಜೋಡಿ ಎರಡಿದ್ದರೆ ನಡುವೆ ಚುಕ್ಕೆಯೋ ಅರ್ಧವಿರಾಮವೋ ಅಥವಾ ಆ್ಯಂಡ್, ಬಟ್, ಸೋ ಎಂಬ ಕೊಂಡಿಯೋ ಇದೆಯೇ? ವಾಕ್ಯ ಉದ್ದವಿದೆಯೋ ಗಿಡ್ಡವಿದೆಯೋ ಎಂಬುದು ಮುಖ್ಯವಲ್ಲ. ಬರ್ಡ್ಸ್ ಫ್ಲೈ ಎಂಬ ಎರಡೇ ಪದಗಳೂ ಪೂರ್ಣ ವಾಕ್ಯವೇ. ತಪ್ಪಾದರೆ ನಾಚಿಕೊಳ್ಳಬೇಡಿ. ಮರ್ರೆಯವರು ಒಂದಿಡೀ ಪುಸ್ತಕವನ್ನು ತಪ್ಪು ವಾಕ್ಯಗಳಿಂದಲೇ ತುಂಬಿಸಿ ಮಕ್ಕಳಿಗೆ ಕೊಟ್ಟಿದ್ದರು.

ಹಿಂದಿನ ಬೆಂಚಿನಿಂದ ಪ್ರಶ್ನೆ ಕೇಳಿದ ಗ

ೆಳೆಯ ಈಗ ಊರಿನಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ. ಅವನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟು ವರ್ಷ ಬೇಕಾಯಿತು. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ ಎಂಬ ನಂಬಿಕೆ ನನಗಿದೆ.